ಅಡ್ಡಿಲ್ಲ ಎಂದು ಬರೆಯಬಾರದು

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ನಮ್ಮ ಶೆಡ್ಡಿನ ಗೋಡೆಯಲ್ಲಿ, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಪಕ್ಕ, ಕನ್ನಡದ ಒಂದು ಚೀಟಿ ಅಂಟಿಸಿದೆ: ‘ವರದಿಯಲ್ಲಿ ಅಡ್ಡಿಲ್ಲ ಎಂದು ಬರೆಯಬಾರದು.’ ಹೊಸದಾಗಿ ಕೆಲಸಕ್ಕೆ ಬಂದ ನಮ್ಮ ಕಡೆಯವರು ಮೊದಲು ಅದನ್ನು ಓದಿ ನಗುತ್ತಾರೆ, ಆಮೇಲೆ ಯಾಕೆ ಎಂದು ಕೇಳುತ್ತಾರೆ. ಅಂಟಿಸಿದವನು ನಾನು. ನಾನು ಕೆಲಸ ಬಿಟ್ಟ ಮೇಲೂ ಫೋನ್ ಮಾಡಿ ಕೇಳುವವರಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವುದಕ್ಕಿಂತ ಒಮ್ಮೆ ಬರೆದಿಡುವುದು ಮೇಲು.

ನಿವೃತ್ತ ಎಂದು ಕರೆದುಕೊಳ್ಳಲು ಮೂವತ್ತನಾಲ್ಕು ವಯಸ್ಸು ಸಾಲದು ಎಂಬ ಆಕ್ಷೇಪವಿದೆ. ಆಕ್ಷೇಪ ಎತ್ತುವವರು ಒಂಬತ್ತು ವರ್ಷ ಕಾರುಗಳ ಅಡಿಯಲ್ಲಿ ಕತ್ತು ಮೇಲೆತ್ತಿ ನಿಂತು, ಆಮೇಲೆ ಬಂದು ವಾದ ಮಾಡಲಿ. ಬಡ್ತಿ ಒಂದು ಸಿಕ್ಕಿತ್ತು. ಅಂಗಿಯ ಬಣ್ಣ ಬೂದಿಯಿಂದ ನೀಲಿಗೆ ಬದಲಾಯಿತು.

ಕೆಲಸ ಇಷ್ಟು: ಯಾರೋ ಒಬ್ಬರು ಹಳೇ ಕಾರು ಕೊಳ್ಳಬೇಕೆಂದಿದ್ದಾರೆ. ಮಾರುವವರು ಅದನ್ನು ನಮ್ಮ ಶೆಡ್ಡಿಗೆ ತರುತ್ತಾರೆ. ನಾವು ಅದನ್ನು ಲಿಫ್ಟಿಗೆ ಏರಿಸಿ, ಅಡಿ ನೋಡಿ, ಓಡಿಸಿ, ತೆಗೆದುಕೊಳ್ಳಬಹುದೋ ಬೇಡವೋ ಹೇಳುತ್ತೇವೆ. ಹೇಳಿದ್ದಕ್ಕೆ ಕೂಲಿ. ‘ತಗೊಳ್ಳಿ’ ಎಂದರೂ ಅಷ್ಟೇ, ‘ಬೇಡ’ ಎಂದರೂ ಅಷ್ಟೇ. ನಮಗೆ ಯಾವ ಪಕ್ಷವೂ ಇಲ್ಲ ಎಂದು ನಂಬಿ ನಾನು ಈ ಕೆಲಸಕ್ಕೆ ಸೇರಿದ್ದೆ. ಹೈಸ್ಕೂಲಿನಿಂದ ಚರ್ಚಾಸ್ಪರ್ಧೆಯಲ್ಲಿ ಪರ, ವಿರೋಧ ಎರಡೂ ಮಾತಾಡಿ ಅಭ್ಯಾಸವಾಗಿದ್ದ ನನಗೆ ಇದು ಹೇಳಿ ಮಾಡಿಸಿದ ಕೆಲಸ ಅನ್ನಿಸಿತ್ತು.

ಶೆಡ್ಡಿನ ಯಜಮಾನರು ಭಟ್ಕಳದ ಇಸ್ಮಾಯಿಲ್ ಸಾಹೇಬರು. ಅವರ ಮನೆತನಕ್ಕೆ ದುಬೈಯ ಹಳೇ ಪೇಟೆ ನೈಫ್‌ನಲ್ಲಿ ಬಟ್ಟೆ ಅಂಗಡಿ ಇತ್ತು. ಮೂವತ್ತು ವರ್ಷ ಅಲ್ಲೇ ಥಾನು ಬಿಚ್ಚಿ, ಮಡಚಿ, ಕೊನೆಗೆ ಕಾರಿನ ಹುಚ್ಚಿಗೆ ಬಿದ್ದು ಈ ಶೆಡ್ಡು ಹಾಕಿದರು. ನಾನು ಸೇರಿದ ಮೊದಲ ದಿನ ಬೆಳಿಗ್ಗೆ ಒಂದು ಕಾರು ಬಂತು. ಸಾಹೇಬರು ಅದರ ಬಾಗಿಲ ಬಳಿ ನಿಂತಿದ್ದ ನನ್ನತ್ತ ಕೈ ಚಾಚಿ ಕೇಳಿದರು: “ಮುಲ್ಕಿಯಾ?”

“ಅಲ್ಲ ಸಾಹೇಬ್ರೇ, ಕುಂದಾಪುರ” ಎಂದೆ.

ಅವರು ಚಾಚಿದ ಕೈ ಹಾಗೇ ಇತ್ತು. ಅವರು ಕೇಳಿದ್ದು ನಮ್ಮ ಕರಾವಳಿಯ ಮುಲ್ಕಿ ಊರಲ್ಲ, ಮುಲ್ಕಿಯಾ ಅಂದರೆ ಇಲ್ಲಿ ಗಾಡಿಯ ನೋಂದಣಿ ಕಾರ್ಡು ಎಂದು ಗೊತ್ತಾದದ್ದು ಆಮೇಲೆ. ಆ ಹೊತ್ತಿಗೆ ಅವರು, “ಕುಂದಾಪುರ ಆದ್ರೆ ಒಳ್ಳೇದು. ಕಾರ್ಡ್ ಎಲ್ಲಿ ಉಂಟು?” ಎಂದು ಕೇಳಿ ಮುಗಿಸಿದ್ದರು. ವಾದಕ್ಕೆ ಮೊದಲು ಶಬ್ದದ ಅರ್ಥ ಇತ್ಯರ್ಥವಾಗಬೇಕು ಎಂದು ನನಗೆ ಶಾಲೆಯಲ್ಲೇ ಹೇಳಿಕೊಟ್ಟಿದ್ದರು. ಮೊದಲ ದಿನವೇ ಮರೆತಿದ್ದೆ. ಹೇಳಿಕೊಟ್ಟವರು ಸ್ವಲ್ಪ ಹೊತ್ತಿನಲ್ಲಿ ಬರುತ್ತಾರೆ.

ಮೊದಲ ದೊಡ್ಡ ತಪ್ಪು ಆಗಸ್ಟಿನಲ್ಲಿ ಆಯಿತು. ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಮಾತ್ರ ಅದರ ರೋಗ ಕೇಳಿಸುತ್ತದೆ. ಹಾಗಾಗಿ ಕೆಲವರು ಮೊದಲೇ ಬಿಸಿ ಮಾಡಿ ತರುತ್ತಾರೆ. ಬಾನೆಟ್ ಮುಟ್ಟಿ ನೋಡಬೇಕು ಎಂದು ಹಿರಿಯರು ಹೇಳಿದ್ದರು. ಮುಟ್ಟಿದೆ. ಸುಟ್ಟಿತು. ಮಾರಲು ತಂದಿದ್ದ ಮುದುಕರೊಬ್ಬರಿಗೆ ಎಲ್ಲರೆದುರು ಹೇಳಿದೆ, ಇದು ಮೋಸ, ನೀವು ರೋಗ ಮುಚ್ಚಿಡುತ್ತಿದ್ದೀರಿ, ನಿಮ್ಮ ಉದ್ದೇಶ ಮೂರು ಕಾರಣಗಳಿಂದ ಸ್ಪಷ್ಟವಾಗಿದೆ. ಎರಡನೇ ಕಾರಣಕ್ಕೆ ಬರುವಷ್ಟರಲ್ಲಿ ಸಾಹೇಬರು ಸದ್ದಿಲ್ಲದೆ ನನ್ನ ಕೈ ಹಿಡಿದು ಪಕ್ಕದಲ್ಲಿದ್ದ ನಮ್ಮದೇ ಕಾರಿನ ಬಾನೆಟ್ ಮೇಲೆ ಇಟ್ಟರು. ಅದು ನಾಲ್ಕು ದಿನದಿಂದ ಅಲ್ಲೇ ಬಿಸಿಲಲ್ಲಿ ನಿಂತಿತ್ತು. ಅದೂ ಸುಟ್ಟಿತು. ಆಮೇಲಿನಿಂದ ಕಾರನ್ನು ಹಿಂದಿನ ದಿನವೇ ತಂದು ನೆರಳಲ್ಲಿ ಬಿಟ್ಟುಹೋಗಬೇಕು ಎಂದು ನಿಯಮವಾಯಿತು. ನನ್ನ ಅಂಗೈಯಿಂದ ಆದ ಏಕೈಕ ಸುಧಾರಣೆ ಅದು.

ಜಾಹೀರಾತುಗಳನ್ನು ಓದುವುದೂ ಕೆಲಸದ ಭಾಗ. ‘ಹೆಂಗಸರು ಓಡಿಸಿದ ಕಾರು’ ಎಂದು ಬರೆಯುತ್ತಾರೆ. ಅದರಿಂದ ಏನು ಸಿದ್ಧವಾಗುತ್ತದೆ ಎಂದು ಯಾರೂ ಹೇಳುವುದಿಲ್ಲ. ‘ದೇಶ ಬಿಟ್ಟು ಹೋಗುತ್ತಿರುವುದರಿಂದ ತುರ್ತು ಮಾರಾಟ’ ಎಂದು ಬರೆಯುತ್ತಾರೆ. ಹೀಗೆ ದೇಶ ಬಿಟ್ಟು ಹೋಗುತ್ತಿದ್ದ ಒಬ್ಬ ಮಹಾಶಯರ ಮೂರು ಕಾರುಗಳನ್ನು ಎರಡು ವರ್ಷಗಳಲ್ಲಿ ನಾನೇ ನೋಡಿದ್ದೇನೆ. ಮೂರನೇ ಸಲ, “ಯಾವಾಗ ಹೊರಡೋದು ಸಾರ್?” ಎಂದು ಕೇಳಿದೆ. “ಟಿಕೆಟ್ ನೋಡ್ತಾ ಇದ್ದೇನೆ” ಎಂದರು. ಮುಖದಲ್ಲಿ ಯಾವ ಬದಲಾವಣೆಯೂ ಇರಲಿಲ್ಲ. ಅಂಥ ಮುಖ ಚರ್ಚಾಸ್ಪರ್ಧೆಯಲ್ಲಿ ಇದ್ದಿದ್ದರೆ ರಾಜ್ಯಮಟ್ಟಕ್ಕೆ ಹೋಗುತ್ತಿತ್ತು.

ಪದ್ಧತಿ ಬದಲಾದದ್ದು ನನ್ನ ಕಣ್ಣೆದುರೇ. ಮೊದಲು ಸಾಹೇಬರ ಬೆರಳು ಇತ್ತು. ಬಾಗಿಲಿನ ಮೇಲೆ ನಡುಬೆರಳು ಎಳೆದು, “ಇದು ಎರಡನೇ ಸಲ ಬಣ್ಣ ಕಂಡಿದೆ” ಎನ್ನುತ್ತಿದ್ದರು, ಬಣ್ಣ ಕಟ್ಟಿದ ಬಟ್ಟೆ ನೋಡಿದ ಹಾಗೆ. ನಾನು ನಂಬಲಿಲ್ಲ. ಬಣ್ಣದ ದಪ್ಪ ಅಳೆಯುವ ಮೀಟರು ಬಂದಾಗ ಆರು ತಿಂಗಳು ಅವರ ಬೆರಳಿನ ಹಿಂದೆಯೇ ಮೀಟರು ಹಿಡಿದುಕೊಂಡು ಹೋದೆ, ತಪ್ಪು ಹಿಡಿಯುವ ಉದ್ದೇಶದಿಂದ. ಎರಡು ಸಲ ಸಿಕ್ಕಿತು. ಎರಡನೆಯ ಸಲ ತಪ್ಪಿದ್ದು ಮೀಟರು, ಬ್ಯಾಟರಿ ಇಳಿದಿತ್ತು. ಆಮೇಲೆ ಕಾರಿನ ಕಂಪ್ಯೂಟರಿಗೆ ತಂತಿ ಸಿಕ್ಕಿಸಿ ಓದುವ ಸ್ಕ್ಯಾನರ್ ಬಂತು. ಈಗ ನಿಮಗೆ ಎಲ್ಲವೂ ಫೋನಿನಲ್ಲೇ, ಹಸಿರು, ಹಳದಿ, ಕೆಂಪು. ಒಳ್ಳೆಯದೇ. ಆದರೆ ವರದಿಯ ಕೊನೆಗೆ ‘ತೀರ್ಮಾನ’ ಎಂಬ ಒಂದು ಸಾಲು ಇರುತ್ತದೆ. ಅದಕ್ಕೆ ತಂತಿ ಸಿಕ್ಕಿಸಲು ಬರುವುದಿಲ್ಲ. ನಮ್ಮ ಶೆಡ್ಡಿನಲ್ಲಿ ಊರಿನ ಗಿರಾಕಿಗಳಿಗೆ ಆ ಸಾಲನ್ನು ಕನ್ನಡದಲ್ಲಿ ಕೈಯಲ್ಲೇ ಬರೆಯುವ ರೂಢಿ ಇತ್ತು. ಅದರಲ್ಲೇ ನಾನು ಕೆಟ್ಟೆ.

ಭಾಸ್ಕರ ಮಾಸ್ಟ್ರು ಬಂದದ್ದು ಒಂದು ನವೆಂಬರಿನಲ್ಲಿ. ಕುಂದಾಪುರದ ಹೈಸ್ಕೂಲಿನಲ್ಲಿ ನನಗೆ ಚರ್ಚೆ ಕಲಿಸಿದವರು ಅವರೇ. ಯಾರು ಹೇಳಿದ್ದು? ಅವರಿಗೆ ಹೇಗೆ ಗೊತ್ತು? ಹೇಳುವುದರಿಂದ ಅವರಿಗೇನು ಲಾಭ? ಈ ಮೂರು ಪ್ರಶ್ನೆಗಳನ್ನು ನನ್ನ ತಲೆಯಲ್ಲಿ ನೆಟ್ಟು, ನಾನು ಹತ್ತನೇ ಕ್ಲಾಸು ಪಾಸಾದ ವರ್ಷ ಅಬುಧಾಬಿಯ ಶಾಲೆಯೊಂದಕ್ಕೆ ಹೊರಟುಹೋದರು. ಹದಿನೈದು ವರ್ಷ ಅಲ್ಲೇ ಪಾಠ, ಖಾಲಿದಿಯಾದಲ್ಲಿ ಬಾಡಿಗೆ ಮನೆ. ಈಗ ಅರವತ್ತು ಹತ್ತಿರ ಬಂದಿತ್ತು. ವೀಸಾ ಮುಗಿಯಲು ಹನ್ನೊಂದು ತಿಂಗಳು ಬಾಕಿ. ಜೊತೆಗೆ ಅವರ ಹೆಂಡತಿ ಶಾರದಕ್ಕ ಬಂದಿದ್ದರು. ಅವರ ಕೈಯಲ್ಲಿ ಒಂದು ಪಟ್ಟಿ.

ಪಟ್ಟಿಯ ಕತೆ ಇದು. ಹದಿನೈದು ವರ್ಷಗಳಲ್ಲಿ ಶಾರದಕ್ಕ ನೋಡಿದ್ದು ಮನೆ, ಶಾಲೆಯ ವಾರ್ಷಿಕೋತ್ಸವ, ಅಬುಧಾಬಿಯ ಸಮುದ್ರ ದಂಡೆ. ಊರಿಗೆ ಹೋದ ಮೇಲೆ ಯಾರಾದರೂ ‘ಅಲ್ಲಿ ಎಂತ ಎಲ್ಲ ಕಂಡ್ರಿ’ ಎಂದು ಕೇಳಿದರೆ ಹೇಳಲು ಏನಾದರೂ ಬೇಕಲ್ಲ? ಆರು ಜಾಗ ಬರೆದಿದ್ದರು: ಫುಜೈರಾದ ಸಮುದ್ರ, ಹತ್ತಾದ ಅಣೆಕಟ್ಟು, ರಾಸ್ ಅಲ್ ಖೈಮಾದ ಬೆಟ್ಟ, ಶಾರ್ಜಾದಲ್ಲಿ ಅವರ ತಂಗಿಯ ಗೆಳತಿಯ ಮನೆ, ಅಲ್ ಐನ್‌ನ ಹಫೀತ್ ಬೆಟ್ಟ, ಲಿವಾದ ಮರಳು. ಆರೂ ನೋಡಲು ಒಂದು ಕಾರು ಬೇಕು. ಹನ್ನೊಂದು ತಿಂಗಳು ದಾರಿಯಲ್ಲಿ ಕೈ ಕೊಡದ ಕಾರು. ಒಂದೇ ಕಾರಿಗೆ ಆಗುವಷ್ಟು ದುಡ್ಡು ತೆಗೆದಿಟ್ಟಿದ್ದರು, ಕೆಟ್ಟರೆ ಇನ್ನೊಂದಿಲ್ಲ.

ಮಾಸ್ಟ್ರು ಗೊತ್ತು ಮಾಡಿಕೊಂಡು ಬಂದದ್ದು ಇಟಲಿಯ ಕಾರು. ನಾಲ್ಕು ಬಾಗಿಲು, ಎಂಟು ಸಿಲಿಂಡರು, ಕಡು ನೀಲಿ, ಏಳು ವರ್ಷ ಹಳೆಯದು. ಇಲ್ಲಿ ಅಂಥ ಕಾರುಗಳ ಬೆಲೆ ಬೇಗ ಬೀಳುತ್ತದೆ. ಹೊಸ ಜಪಾನಿ ಕಾರಿನ ದುಡ್ಡಿಗೆ ಸಿಕ್ಕಿಬಿಡುತ್ತವೆ. ಸಿಗುವುದೇ ಸಮಸ್ಯೆ. ಕಾರು ಹಳೆಯದಾಗುತ್ತದೆ, ಅದರ ಪಾರ್ಟ್ಸಿನ ಬೆಲೆ ಹಳೆಯದಾಗುವುದಿಲ್ಲ.

ಮಾರುವವರು ಹಿಂದಿನ ದಿನವೇ ನೆರಳಲ್ಲಿ ಬಿಟ್ಟುಹೋಗಿದ್ದರು. ಬೆಳಿಗ್ಗೆ ಮಾಸ್ಟ್ರು, ಶಾರದಕ್ಕ ಎದುರಿಗೇ ನಿಂತಿರುವಾಗ ಸ್ಟಾರ್ಟ್ ಮಾಡಿದೆ. ಮೊದಲ ಮೂರು ಸೆಕೆಂಡು ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ಗಡಗಡ ಎಂದಿತು. ಆಮೇಲೆ ಸರಿಹೋಗಿ ತನ್ನ ನಿಜವಾದ ದನಿ ತೆಗೆಯಿತು. ಲಿಫ್ಟಿನ ಮೇಲಿದ್ದ ಸ್ಪ್ಯಾನರುಗಳು ಸಣ್ಣಗೆ ನಡುಗಿದವು.

“ಆ ಗಡಗಡ ಕೇಳ್ತಾ ಮಾಸ್ಟ್ರೇ? ಅದು ಒಳ್ಳೇ ಲಕ್ಷಣ ಅಲ್ಲ” ಎಂದೆ.

“ಭಾಗವತ್ರು ಹಾಡುಕೆ ಮುಂಚೆ ಗಂಟ್ಲು ಸರಿಮಾಡುದಿಲ್ಯಾ ಮಾರಾಯ?” ಎಂದರು ಮಾಸ್ಟ್ರು.

ಅಲ್ಲಿಂದ ಶುರುವಾಯಿತು. ನಾನು ತಂತಿ ಸಿಕ್ಕಿಸಿ ಓದಿದೆ. ಕ್ಲಚ್ಚು ನೂರರಲ್ಲಿ ಎಪ್ಪತ್ತು ಸವೆದಿದೆ ಎಂದು ಕಾರಿನ ಕಂಪ್ಯೂಟರೇ ಒಪ್ಪಿಕೊಂಡಿತು.

“ಮೂವತ್ತು ಬಾಕಿ ಇತ್ತಲ್ದಾ?” ಎಂದರು ಮಾಸ್ಟ್ರು. “ನಂಗೆ ಬಾಕಿ ಇಪ್ದು ಹನ್ನೊಂದೇ ತಿಂಗ್ಳು. ಕ್ಲಚ್ಚಿದ್ದೇ ಜಾಸ್ತಿ ಆಯ್ತ್.”

“ಹಿಂದಿನ ಬಲಗಡೆ ಬಾಗಿಲಿಗೆ ಎರಡನೇ ಸಲ ಬಣ್ಣ ಹೊಡೆದಿದ್ದಾರೆ. ಯಾವುದೋ ಗಾಡಿ ಗುದ್ದಿದೆ.”

“ಶಾರದ ಕೂಕಂಬ್ದು ಮುಂದೆ.”

“ಪಾರ್ಟ್ಸ್ ಇಲ್ಲಿ ಸಿಗುವುದಿಲ್ಲ. ಇಟಲಿಯಿಂದ ಬರಬೇಕು. ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.”

“ಹದಿನೈದು ವರ್ಷ ಸ್ಕೂಲ್ ಬಸ್ಸಿಗೆ ಕಾದವ ನಾನು. ಕಾಯುದ್ರಲ್ಲಿ ನಂಗೆ ಅನುಭವ ಇತ್ತ್.”

ಶಾರದಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಇಬ್ಬರನ್ನೂ ನೋಡುತ್ತಿದ್ದರು. “ನೀವಾದರೂ ಹೇಳಿ ಶಾರದಕ್ಕ, ತೀರ್ಪು ನಿಮ್ಮದು” ಎಂದೆ.

“ನಾನ್ ಈಗ ಹೇಳ್ತಿಲ್ಲೆ. ಊರಿಗೆ ಹೋಪತಿಗೆ ಹೇಳ್ತೆ. ನೀವ್ ಮುಂದರ್ಸಿ” ಎಂದರು. ತೀರ್ಪನ್ನು ಹನ್ನೊಂದು ತಿಂಗಳು ಕಾಯ್ದಿರಿಸಿದ ತೀರ್ಪುಗಾರರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಕೊನೆಯ ಅಸ್ತ್ರ ತೆಗೆದೆ. “ಒಪ್ಪಿದೆ ಮಾಸ್ಟ್ರೇ. ಆದರೆ ಇದೇ ದುಡ್ಡಿಗೆ ಜಪಾನಿ ಕಾರು ಬರುತ್ತದೆ. ಪಟ್ಟಿಯ ಆರು ಜಾಗಕ್ಕೂ ಹೋಗುತ್ತದೆ, ಆರರಿಂದಲೂ ವಾಪಸು ಬರುತ್ತದೆ. ಇದನ್ನೇ ಯಾಕೆ ತಗೋಬೇಕು? ಒಂದು ಕಾರಣ ಕೊಡಿ.”

ಮಾಸ್ಟ್ರು ಕಾರಿನತ್ತ ನೋಡಿದರು. “ದಿನಾ ಬೆಳಿಗ್ಗೆ ಬಸ್ಸಿನ ಕಿಟಕಿ ಹತ್ರ ಕೂಕಂಡು ಹೋಪತಿಗೆ, ಸಿಗ್ನಲ್ಲಲ್ಲಿ ಇಂಥದ್ದೊಂದು ಬಂದು ನಿಲ್ತಿತ್ತ್. ಹಸ್ರು ಬಿದ್ದ ಕೂಡ್ಲೆ ಹೋತಿತ್ತ್. ಆ ಶಬ್ದ. ಬಸ್ಸಲ್ಲಿದ್ದ ನಲ್ವತ್ತು ಮಕ್ಳೂ ಒಂದು ಗಳಿಗೆ ಸುಮ್ನಾತಿದ್ರ್. ನಂಗೆ ಹದಿನೈದು ವರ್ಷದಲ್ಲಿ ಅವ್ರನ್ನ ಹಾಂಗೆ ಸುಮ್ನಾಯ್ಸುಕೆ ಆಯ್ಲಿಲ್ಲೆ.”

“ಶಬ್ದ ಒಂದು ವಾದ ಅಲ್ಲ, ಮಾಸ್ಟ್ರೇ.”

“ಅಲ್ಲ. ನಾನ್ ಎಲ್ಲಿ ವಾದ ಅಂದೆ? ವಾದವೇ ಅಲ್ದಿದ್ದದ್ದಕ್ಕೆ ನೀನ್ ಪ್ರತಿವಾದ ಹೇಂಗೆ ಮಾಡ್ತೆ?”

ನಾನು ಸ್ಕ್ಯಾನರಿನ ತಂತಿ ಸುತ್ತತೊಡಗಿದೆ.

ಆಗ ಮಾಸ್ಟ್ರು ನಾನು ಎಣಿಸಿರದ ಮಾತು ಹೇಳಿದರು. “ನಿನ್ನ ವಾದದಲ್ಲಿ ಸೋಲ್ಸುದು ದೊಡ್ಡದಲ್ಲ. ಸೋಲ್ಸಿ ತಕಂಡ್ರೆ ನಂಗೆ ಸಮಾಧಾನ ಇಲ್ಲೆ. ನೀವಿಲ್ಲಿ ಎಂತ ಬರ್ದು ಕೊಡ್ತ್ರ್ಯೋ ಅದೇ ಸೈ. ಬೇಡ ಅಂದ್ರೆ ಬೇಡ. ಖಲಾಸ್.” ಜೀವಮಾನದಲ್ಲಿ ಯಾರ ಮಾತನ್ನೂ ಹಾಗೇ ಒಪ್ಪದ ಮನುಷ್ಯ, ತೀರ್ಮಾನದ ಸಾಲನ್ನು ನನ್ನ ಕೈಗೆ ಕೊಟ್ಟರು.

ನಾನು ‘ಬೇಡ’ ಎಂದು ಬರೆಯಬೇಕಿತ್ತು. ಎರಡು ಅಕ್ಷರ. ಅವರ ಮುಖ ನೋಡಿ, “ಸಾಹೇಬರನ್ನೂ ಒಂದು ಮಾತು ಕೇಳುವ” ಎಂದೆ. ದೊಡ್ಡವರ ಹಿಂದೆ ಅವಿತುಕೊಳ್ಳುವುದಕ್ಕೆ ನಮ್ಮಲ್ಲಿ ಮರ್ಯಾದೆ ಎಂಬ ಹೆಸರೂ ಇದೆ.

ಸಾಹೇಬರು ಬಂದರು. ಮಾಸ್ಟ್ರಿಗೆ ಸಲಾಮು ಹೇಳಿ, ಊರು ಮನೆ ವಿಚಾರಿಸಿ, ನನ್ನ ಕೈಯಿಂದ ವರದಿ ತೆಗೆದುಕೊಂಡು ಓದಿದರು. ಕಾರಿನ ಸುತ್ತ ಒಂದು ಸುತ್ತು ಬಂದರು. ಹಿಂದಿನ ಬಾಗಿಲಿನ ಮೇಲೆ ಬೆರಳು ಎಳೆದರು. ಎಲ್ಲರೂ ಅವರ ಬಾಯಿ ನೋಡುತ್ತಿದ್ದೆವು.

“ಅಡ್ಡಿಲ್ಲ” ಎಂದರು.

ಕರಾವಳಿಯ ಹೊರಗಿನ ಓದುಗರಿಗೆ ಇಲ್ಲಿ ಒಂದು ಮಾತು. ‘ನಾಳೆ ಬರ್ಲಾ?’ ಎಂದಾಗ ‘ಅಡ್ಡಿಲ್ಲ’ ಎಂದರೆ ಧಾರಾಳವಾಗಿ ಬಾ ಎಂದರ್ಥ. ‘ಊಟ ಹೇಗಿತ್ತು?’ ಎಂದಾಗ ‘ಅಡ್ಡಿಲ್ಲ’ ಎಂದರೆ ಬಹಳ ಚೆನ್ನಾಗಿತ್ತು ಎಂದೂ ಆಗಬಹುದು, ಹೇಗೋ ನುಂಗಿದೆ ಎಂದೂ ಆಗಬಹುದು. ಅದು ಹೇಳುವವರ ಹುಬ್ಬಿನ ಮೇಲೆ ಹೋಗುತ್ತದೆ. ಸಾಹೇಬರ ಹುಬ್ಬು ಅಲುಗಲಿಲ್ಲ.

ಮಾಸ್ಟ್ರ ಮುಖ ಅರಳಿತು. ಆ ಕ್ಷಣದಲ್ಲಿ ನಾನು ‘ಅಡ್ಡಿಲ್ಲ ಅಂದರೆ ಏನು ಸಾಹೇಬ್ರೇ?’ ಎಂದು ಕೇಳಬೇಕಿತ್ತು. ಮಾಸ್ಟ್ರೇ ಕಲಿಸಿದ ಪಾಠ. ಕೇಳಲಿಲ್ಲ. ತೀರ್ಮಾನದ ಸಾಲಿನಲ್ಲಿ, ಕೇಳಿದ್ದನ್ನು ಕೇಳಿದ ಹಾಗೆ, ‘ಅಡ್ಡಿಲ್ಲ’ ಎಂದು ಬರೆದೆ. ವರದಿಯಲ್ಲಿ ಒಂದಕ್ಷರ ಸುಳ್ಳಿಲ್ಲ. ಅಂಥ ವರದಿಗಳ ಬಗ್ಗೆ ಎಚ್ಚರವಾಗಿರಿ.

ಅವರು ಹೋದ ಮೇಲೆ ಸಾಹೇಬರಿಗೆ ವಿಷಯ ಹೇಳಿದೆ: ಮಾಸ್ಟ್ರು ಅದನ್ನು ಕೊಳ್ಳುತ್ತಾರೆ. ಅವರು ನಿಂತಲ್ಲೇ ನಿಂತರು.

“ಕೊಳ್ಳುದಾ? ಯಾಕೆ? ನಾನು ಅಡ್ಡಿಲ್ಲ ಅಂದೆ ಅಲ್ವಾ?”

“ಅದಕ್ಕೇ ಸಾಹೇಬ್ರೇ.”

“ಏ ಸುಧಾಕರ, ಅಂಗಡಿಯಲ್ಲಿ ಹೆಂಗಸರು ಒಂದು ಸೀರೆ ಹಿಡ್ಕೊಂಡು ನಿಂತಿದ್ದಾರೆ. ಅವ್ರಿಗೆ ಒಪ್ಪುದಿಲ್ಲ. ಕೈಯಲ್ಲಿ ಹಿಡಿದ ಸೀರೆ ಚಂದ ಇಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ? ‘ಅಡ್ಡಿಲ್ಲ’ ಅನ್ನುದು. ಅವ್ರೇ ಕೆಳಗೆ ಇಟ್ಟು ಬೇರೆ ಕೇಳ್ತಾರೆ. ಮೂವತ್ತು ವರ್ಷದಲ್ಲಿ ಒಬ್ರೂ ‘ಅಡ್ಡಿಲ್ಲ’ದ ಸೀರೆ ಒಯ್ಯಲಿಲ್ಲ. ನಿಮ್ಮ ಮಾಸ್ಟ್ರು ಓದಿದವ್ರು, ಅಷ್ಟು ತಿಳಿಯುದಿಲ್ವಾ?”

ಆಗಲೂ ಸಮಯವಿತ್ತು. ಮಾಸ್ಟ್ರು ದುಡ್ಡು ಕೊಡಲು ಇನ್ನೂ ಎರಡು ದಿನ ಇತ್ತು. ಫೋನು ನನ್ನ ಜೇಬಿನಲ್ಲೇ ಇತ್ತು. ಅರಳಿದ ಆ ಮುಖವನ್ನು ಫೋನಿನಲ್ಲಿ ಮುದುಡಿಸುವುದು ನನ್ನಿಂದಾಗಲಿಲ್ಲ. ಈ ವಾಕ್ಯವನ್ನು ಬೇರೆ ಯಾರಾದರೂ ನನ್ನೆದುರು ಹೇಳಿದ್ದರೆ ತುಂಡು ತುಂಡು ಮಾಡುತ್ತಿದ್ದೆ.

ಕಾರು ಓಡಿತು. ಫುಜೈರಾ, ಹತ್ತಾ, ರಾಸ್ ಅಲ್ ಖೈಮಾ, ಶಾರ್ಜಾ. ಒಂದೊಂದು ಜಾಗಕ್ಕೆ ಹೋಗಿ ಬಂದಾಗಲೂ ಮಾಸ್ಟ್ರು ನನಗೆ ಫೋನ್ ಮಾಡಿ, “ನಾಲ್ಕನೇ ಪಾಯಿಂಟು, ಸುಧಾಕರ” ಎಂಬ ಹಾಗೆ ಎಣಿಸುತ್ತಿದ್ದರು. ಜೂನ್‌ನಲ್ಲಿ ಹಫೀತ್ ಬೆಟ್ಟ ಹತ್ತಿದರು. ತಿರುವುಗಳನ್ನೆಲ್ಲ ಮುಗಿಸಿ, ತುದಿಗೆ ಮುಟ್ಟಿ, ನಿಲ್ಲಿಸಿ, ದೃಶ್ಯ ನೋಡಿ ಮತ್ತೆ ಹೊರಡುವಾಗ ಕ್ಲಚ್ಚು ಸುಟ್ಟ ವಾಸನೆ ಬಂತು. ಬಾಕಿ ಇದ್ದ ಮೂವತ್ತೂ ಬೆಟ್ಟದ ದಾರಿಗೆ ಸರಿಹೋಗಿತ್ತು. ರಿಕವರಿ ಲಾರಿಯ ಮೇಲೆ ಕಾರು, ಲಾರಿಯ ಮುಂದಿನ ಸೀಟಿನಲ್ಲಿ ಇವರಿಬ್ಬರು, ಹಾಗೇ ನೇರ ನಮ್ಮ ಶೆಡ್ಡಿಗೆ ಬಂದರು. ನನಗೆ ಮುಖ ಎತ್ತಲಾಗಲಿಲ್ಲ.

ಶಾರದಕ್ಕ ಲಾರಿಯಿಂದ ಜಾಗ್ರತೆಯಾಗಿ ಇಳಿದು, “ಕಾರಿಗಿಂತ ಲಾರಿ ಎತ್ರ. ಬೆಟ್ಟ ಇಳಿವತಿಗೆ ಎಲ್ಲ ಲಾಯ್ಕ್ ಕಾಂತಿತ್ತ್” ಎಂದರು.

ಕ್ಲಚ್ಚು ಇಟಲಿಯಿಂದ ಹೊರಟಿತು. ಹೊರಟೇ ಇತ್ತು. ಆ ವಾರವೇ ನಾನು ಚೀಟಿ ಬರೆದು, ಅಂಟಿಸುವ ಮೊದಲು ಸಾಹೇಬರ ಒಪ್ಪಿಗೆ ಕೇಳಲು ಅವರ ಮೇಜಿನ ಮೇಲಿಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

“ಅಡ್ಡಿಲ್ಲ” ಎಂದರು.

ಒಪ್ಪಿಗೆಯೋ ಅಲ್ಲವೋ ಇವತ್ತಿಗೂ ಗೊತ್ತಿಲ್ಲ. ಅಂಟಿಸಿದೆ.

ಪಟ್ಟಿಯಲ್ಲಿ ಉಳಿದದ್ದು ಲಿವಾ. ಸೆಪ್ಟೆಂಬರಿನ ಒಂದು ಶುಕ್ರವಾರ ಬೆಳಿಗ್ಗೆ ನನ್ನ ಹಳೇ ಜಪಾನಿ ಕಾರಿನಲ್ಲಿ ಇಬ್ಬರನ್ನೂ ಕರೆದುಕೊಂಡು ಹೋದೆ. ದಾರಿ ಉದ್ದ, ಎರಡೂ ಕಡೆ ಮರಳು, ಕಾರಿಗೆ ಸದ್ದೇ ಇಲ್ಲ. ಹಿಂದಿನ ಸೀಟಿನಲ್ಲಿ ಶಾರದಕ್ಕ, “ಇದ್ರಲ್ಲಿ ಮಾತಾಡಿದ್ದು ಕೇಂತಿತ್ತಪ್ಪ” ಎಂದರು. ಮಾತು ಕೇಳುತ್ತದಲ್ಲ ಎಂದೇ ನಾನು ಮುಚ್ಚಿಟ್ಟದ್ದನ್ನು ಮಾಸ್ಟ್ರಿಗೆ ಹೇಳಿದೆ. ಸಾಹೇಬರ ಸೀರೆಯ ಕತೆ, ನನಗೆ ಮೊದಲೇ ಅನುಮಾನವಿದ್ದದ್ದು, ಎರಡು ದಿನ ಫೋನು ಜೇಬಿನಲ್ಲೇ ಇದ್ದದ್ದು, ಎಲ್ಲ. ಕಾರಣಗಳನ್ನು ಕೊಡಲಿಲ್ಲ.

ಮಾಸ್ಟ್ರು ಮುಂದಿನ ಸೀಟಿನಿಂದ ನನ್ನತ್ತ ತಿರುಗಿದರು.

“ನಾನ್ ಯಾವ ಊರಿನವ ಮಾರಾಯ?”

“ಕುಂದಾಪ್ರ.”

“ಅಡ್ಡಿಲ್ಲೆ ಅಂದ್ರೆ ಎಂತ ಅಂದೇಳಿ ಕುಂದಾಪ್ರದವ್ನಿಗೆ ನೀನ್ ಹೇಳ್ಕಾ? ಅಂದಾಜು ನಂಗೂ ಆಯ್ತ್. ಕೇಳಿದ್ರೆ ಉತ್ರ ಬತ್ತಿತ್ತ್. ಅದಕ್ಕೇ ಕೇಳ್ಲಿಲ್ಲೆ.” ಆಮೇಲೆ, ಮಾಸ್ಟ್ರ ದನಿಯಲ್ಲೇ, “ನೀನ್ ಕೇಳ್ಕಿತ್ತ್. ನಾನ್ ಕೊಂಬವ, ನೀನ್ ಕಾಂಬವ. ಸಂಬ್ಳ ನಿಂಗೆ” ಎಂದರು. ಇಪ್ಪತ್ತು ವರ್ಷಗಳಲ್ಲಿ ಅವರು ನನಗೆ ಕಡಿಮೆ ಅಂಕ ಕೊಟ್ಟದ್ದು ಅದೊಂದೇ ಸಲ. ಸರಿಯಾಗಿಯೇ ಕೊಟ್ಟಿದ್ದರು.

ಕಾರನ್ನು ಮಾರಲು ಮಾಸ್ಟ್ರು ಜಾಹೀರಾತು ಕೊಟ್ಟರು: ‘ದೇಶ ಬಿಟ್ಟು ಹೋಗುತ್ತಿರುವುದರಿಂದ.’ ಅಕ್ಷರಶಃ ನಿಜ. ಒಬ್ಬರೂ ನಂಬಲಿಲ್ಲ. ಕೊನೆಗೆ ಪಾರ್ಟ್ಸಿಗಾಗಿ ಒಬ್ಬ ಮೆಕ್ಯಾನಿಕ್ಕು ಕೊಂಡುಹೋದ. ಬಂದ ದುಡ್ಡು ಎಷ್ಟು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಇಟಲಿಯ ಕ್ಲಚ್ಚು ಮರುವಾರ ಬಂತು.

ಊರಿಗೆ ಹೊರಟ ದಿನ ಅಬುಧಾಬಿ ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟೆ. ಮಾಸ್ಟ್ರು ಟ್ರಾಲಿ ತರಲು ಹೋದರು. ಶಾರದಕ್ಕ ಚೀಲಗಳ ಪಕ್ಕ ನಿಂತಿದ್ದರು. ತೀರ್ಪು ಬಾಕಿ ಇತ್ತು. ನೆನಪಿಸಿದೆ.

“ನೀವಿಬ್ರೂ ಸೋತ್ರಿ” ಎಂದರು, ಯೋಚಿಸುವ ಅಗತ್ಯವೇ ಇಲ್ಲದ ಹಾಗೆ. “ಒಂದ್ ಗಂಟೆ ಮಾತಾಡಿದ್ರಿ. ಗೆದ್ದದ್ದು ಆ ಸಾಹೇಬ್ರು. ಒಂದೇ ಶಬ್ದ.”

“ಹಾಗಾದರೆ ಕಾರು ತಗೊಂಡದ್ದು ತಪ್ಪಾ, ಶಾರದಕ್ಕ?”

ಅವರು ಟ್ರಾಲಿ ತಳ್ಳಿಕೊಂಡು ಬರುತ್ತಿದ್ದ ಮಾಸ್ಟ್ರನ್ನು ನೋಡಿದರು. ಟ್ರಾಲಿಯ ಒಂದು ಚಕ್ರ ಕಿರ್‌ಗುಟ್ಟುತ್ತಿತ್ತು.

“ಶಬ್ದ ಮಾತ್ರ ಲಾಯ್ಕ್ ಇದ್ದಿತ್ ಮಾಣಿ.”

ಯಾವ ಶಬ್ದ ಎಂದು ನಾನು ಕೇಳಲಿಲ್ಲ.